ಹಲ್ಲಿನ ಲೋಹದ ಕ್ಲಿಪ್: ಭಾಗಗಳು ಮತ್ತು ಕೆಲಸ ಮಾಡುವ ಬಗೆ

ಒಂದರ ಮೇಲೊಂದು ಹತ್ತಿಕೊಂಡ, ಮುಂದಕ್ಕೆ ಚಾಚಿದ ಅಥವಾ ನಡುವೆ ಸಂದು ಬಿಟ್ಟು ಬೆಳೆದ ಹಲ್ಲುಗಳನ್ನು ಸಾಲಿಗೆ ತರಲು, ಮೇಲಿನ ಸಾಲು ಕೆಳಗಿನ ಸಾಲಿನೊಡನೆ ಸರಿಯಾಗಿ ಕಚ್ಚಿಕೊಳ್ಳುವಂತೆ ಮಾಡಲು ಹಲ್ಲಿನ ಹೊರಮೈಗೆ ಅಂಟಿಸುವ ಸ್ಥಿರ ಸಾಧನಕ್ಕೆ ಲೋಹದ ಬ್ರೇಸಸ್ ಎಂದು ಹೆಸರು. ಕರ್ನಾಟಕದ ಮನೆಗಳಲ್ಲಿ ಇದನ್ನು ಕ್ಲಿಪ್ ಎನ್ನುವುದೇ ರೂಢಿ. ಪ್ರತಿ ಹಲ್ಲಿಗೂ ಅಂಟಿಸಿದ ಪುಟ್ಟ ಉಕ್ಕಿನ ಬ್ರಾಕೆಟ್, ಎಲ್ಲ ಬ್ರಾಕೆಟ್‌ಗಳನ್ನೂ ಹಾದುಹೋಗುವ ಒಂದು ತಂತಿ, ತಂತಿಯನ್ನು ಬ್ರಾಕೆಟ್‌ಗೆ ಹಿಡಿದಿಡುವ ಕಟ್ಟು: ಈ ಮೂರೇ ಅದರ ಮೂಲ ಭಾಗಗಳು. ಉಳಿದ ರಬ್ಬರು, ಸ್ಪ್ರಿಂಗು, ಬ್ಯಾಂಡು, ಕೊಕ್ಕೆಗಳು ಸಂದರ್ಭ ನೋಡಿ ಸೇರಿಕೊಳ್ಳುತ್ತವೆ. ರೋಗಿ ತಾನೇ ತೆಗೆದು ಹಾಕಬಹುದಾದ ಪ್ಲೇಟುಗಳಂತೆ, ಪಾರದರ್ಶಕ ಅಲೈನರ್‌ಗಳಂತೆ ಇದನ್ನು ಊಟಕ್ಕೆ ಮುಂಚೆ ತೆಗೆದಿಡಲಾಗದು. ಚಿಕಿತ್ಸೆ ಮುಗಿಯುವವರೆಗೆ ಹಗಲೂ ರಾತ್ರಿ ಬಾಯಲ್ಲೇ ಇದ್ದು ಕೆಲಸ ಮಾಡುತ್ತದೆ.

ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಹೋಗಿ ಕ್ಲಿಪ್ ಟೈಟ್ ಮಾಡಿಸಿಕೊಂಡು ಬರುವುದು ಎಂಬ ಮಾತು ರೂಢಿಯಲ್ಲಿದೆ. ಅದರಿಂದಾಗಿ ಈ ಸಾಧನದಲ್ಲಿ ತಿರುಪು ಇದೆ, ತಿರುಗಿಸಿದಷ್ಟೂ ಹಲ್ಲು ಒಳಗೆ ಸರಿಯುತ್ತದೆ ಎಂಬ ಭಾವನೆ ಬೇರೂರಿದೆ. ಬ್ರಾಕೆಟ್‌ನಲ್ಲಾಗಲಿ ತಂತಿಯಲ್ಲಾಗಲಿ ಬಿಗಿಯುವಂಥದ್ದು ಏನೂ ಇಲ್ಲ. ಸಣ್ಣದೊಂದು ಬಲವನ್ನು ಬಿಡುವಿಲ್ಲದೆ, ಗೊತ್ತಾದ ದಿಕ್ಕಿನಲ್ಲಿ ಕೊಡುತ್ತಿರುವುದಷ್ಟೇ ಲೋಹದ ಪಾಲಿನ ಕೆಲಸ. ಹಲ್ಲನ್ನು ನಿಜವಾಗಿ ಸರಿಸುವುದು ಅದರ ಬೇರಿನ ಸುತ್ತ ಇರುವ ಜೀವಂತ ಮೂಳೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಧನದ ಒಂದೊಂದು ಭಾಗವೂ ಏಕೆ ಹಾಗಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ಹಲ್ಲು ಸರಿಯುವ ಬಗೆ

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಅದು ಕೂತಿರುವ ಗುಳಿಯ ಗೋಡೆಗೂ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ತೆಳುವಾದ ನಾರುಪೊರೆಯೊಂದಿದೆ. ಇದೇ ಪೆರಿಯೊಡಾಂಟಲ್ ಲಿಗಮೆಂಟ್. ಒಂದು ತುದಿ ಬೇರಿನಲ್ಲೂ ಇನ್ನೊಂದು ತುದಿ ಮೂಳೆಯಲ್ಲೂ ಹುದುಗಿದ ಕೊಲಾಜೆನ್ ನಾರುಗಳು ಹಲ್ಲನ್ನು ಗುಳಿಯಲ್ಲಿ ತೂಗುಹಾಕಿ ಹಿಡಿದಿವೆ. ನಾರುಗಳ ನಡುವೆ ರಕ್ತನಾಳ, ನರ, ಹಲವು ಬಗೆಯ ಕೋಶಗಳು, ಎಲ್ಲವನ್ನೂ ತೊಯ್ಯಿಸಿಕೊಂಡ ದ್ರವ ಇವೆ.

ಅಗಿಯುವಾಗ ದವಡೆ ಹಲ್ಲುಗಳ ಮೇಲೆ ಹತ್ತಾರು ಕಿಲೋ ಭಾರ ಬೀಳುತ್ತದೆ. ಆದರೂ ಅವು ಜಾಗ ಬಿಡುವುದಿಲ್ಲ, ಏಕೆಂದರೆ ಆ ಭಾರ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ನಾರುಪೊರೆಯ ದ್ರವ ಹೊರಗೆ ಹರಿಯಲು ಸಮಯ ಸಾಲದೆ ಅದೇ ಮೆತ್ತೆಯಾಗಿ ಪೆಟ್ಟನ್ನು ಹೀರುತ್ತದೆ. 50 ಗ್ರಾಂ ಬಲವನ್ನು ಗಂಟೆಗಟ್ಟಲೆ ಕೊಟ್ಟರೆ ಆಗುವುದೇ ಬೇರೆ. ದ್ರವ ನಿಧಾನವಾಗಿ ಹಿಂಡಿಹೋಗಿ, ಬೇರು ಗುಳಿಯೊಳಗೆ ಒಂದು ಪಕ್ಕಕ್ಕೆ ಒರಗುತ್ತದೆ. ಒತ್ತಡ ಬಿದ್ದ ಪಕ್ಕದಲ್ಲಿ ರಕ್ತನಾಳಗಳು ಕಿರಿದಾಗುತ್ತವೆ, ಎದುರು ಪಕ್ಕದಲ್ಲಿ ನಾರುಗಳು ಎಳೆದುಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಕೋಶಗಳಿಂದ ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕ ಸಂದೇಶಗಳು ಹೊರಡುತ್ತವೆ. ಸುಮಾರು ಎರಡು ದಿನಗಳಲ್ಲಿ ಒತ್ತಡದ ಪಕ್ಕಕ್ಕೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಬಂದು ಗುಳಿಯ ಗೋಡೆಯನ್ನು ತೆಳುವಾಗಿಸಲು ತೊಡಗುತ್ತವೆ. ಎಳೆತದ ಪಕ್ಕದಲ್ಲಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆಯನ್ನು ಪದರಪದರವಾಗಿ ತುಂಬುತ್ತವೆ. ಹೀಗೆ ಹಲ್ಲಿನ ಜೊತೆಗೆ ಅದರ ಗುಳಿಯೂ ಸ್ಥಳಾಂತರಗೊಳ್ಳುತ್ತದೆ. ಬೇರನ್ನು ಹೊದ್ದಿರುವ ಸಿಮೆಂಟಮ್ ಎಂಬ ಪದರ ಮೂಳೆಗಿಂತ ಕರಗುವಿಕೆಯನ್ನು ಹೆಚ್ಚು ತಡೆಯುವುದರಿಂದ ಮೂಳೆ ಕರಗಿದರೂ ಬೇರು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

ಈ ಕ್ರಿಯೆ ಮೊದಲಾಗಬೇಕಾದರೆ ಬಲ ದಿನಕ್ಕೆ ಸುಮಾರು ಆರು ಗಂಟೆಯಾದರೂ ಇರಬೇಕು, ಸತತವಾಗಿದ್ದರೆ ಇನ್ನೂ ಒಳ್ಳೆಯದು. ಎಷ್ಟು ಬಲ ಎಂಬುದು ಮುಂದಿನ ಪ್ರಶ್ನೆ, ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ. ಬಲ ಮಿತಿಮೀರಿದರೆ ಒತ್ತಡದ ಪಕ್ಕದ ಲೋಮನಾಳಗಳು ಪೂರ್ತಿ ಮುಚ್ಚಿಹೋಗಿ ಅಲ್ಲಿನ ಕೋಶಗಳು ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಭಾಗ ಗಾಜಿನಂತೆ ನಿರ್ಜೀವವಾಗಿ ಕಾಣುತ್ತದೆ. ಮೂಳೆ ಕರಗಿಸುವ ಕೋಶಗಳು ಅಲ್ಲಿ ಹುಟ್ಟಲಾರವು. ಹಿಂದಿನ ಮೂಳೆಯ ಮಜ್ಜೆಯಿಂದ ಬಂದು, ಗೋಡೆಯನ್ನು ಒಳಗಿನಿಂದ ಕೊರೆದು ದಾರಿ ಮಾಡಿಕೊಳ್ಳಬೇಕಾಗುತ್ತದೆ. ಅಲ್ಲಿಯವರೆಗೆ ಒಂದೆರಡು ವಾರ ಹಲ್ಲು ಇದ್ದಲ್ಲೇ ನಿಂತಿದ್ದು ಆಮೇಲೆ ಒಮ್ಮೆಲೇ ಜಾರುತ್ತದೆ. ನೋವೂ ಹೆಚ್ಚು, ಬೇರು ಸವೆಯುವ ಅಪಾಯವೂ ಹೆಚ್ಚು. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904-05ರಲ್ಲಿ ನಾಯಿಗಳ ಹಲ್ಲುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಎರಡೂ ಬಗೆಯ ಬದಲಾವಣೆಗಳು ಕಂಡುಬಂದವು. ಲೋಮನಾಳದ ರಕ್ತದೊತ್ತಡವನ್ನು ಮೀರದ ಬಲವೇ ಒಳ್ಳೆಯದು, ಅಂದರೆ ಬೇರಿನ ಮೇಲ್ಮೈಯ ಒಂದು ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ, ಎಂದು ಶ್ವಾರ್ಟ್ಸ್ ಎಂಬವರು 1932ರಲ್ಲಿ ಹೇಳಿದರು. ಬಾಯಲ್ಲಿ ಈ ಅಂಕಿಯನ್ನು ಅಳೆದು ಕೂರಿಸುವುದು ಕಷ್ಟವಾದರೂ ಅದರ ಹಿಂದಿನ ತತ್ವ ಇಂದಿಗೂ ಗಟ್ಟಿಯಾಗಿ ನಿಂತಿದೆ. ಒಂದು ಹಲ್ಲನ್ನು ವಾಲಿಸಲು 35-60 ಗ್ರಾಂ, ಬೇರುಸಹಿತ ನೆಟ್ಟಗೆ ಸರಿಸಲು 70-120 ಗ್ರಾಂ, ಮೂಳೆಯೊಳಕ್ಕೆ ತಳ್ಳಲು ಬರೀ 10-20 ಗ್ರಾಂ ಸಾಕು. ಎಲ್ಲ ಸರಿಯಾಗಿ ನಡೆದಾಗ ಹಲ್ಲು ಸಾಗುವ ವೇಗ ತಿಂಗಳಿಗೆ ಸುಮಾರು 1 ಮಿಲಿಮೀಟರ್. ಹೆಚ್ಚು ಹಣ ಕೊಟ್ಟರೂ ಹೆಚ್ಚು ಬಲ ಕೊಟ್ಟರೂ ಮೂಳೆ ತನ್ನ ಗತಿಯನ್ನು ಅಷ್ಟಾಗಿ ಬದಲಿಸುವುದಿಲ್ಲ.

ನಾರುಪೊರೆ ಇಲ್ಲದಿದ್ದರೆ ಹಲ್ಲು ಸರಿಯುವುದೇ ಇಲ್ಲ ಎಂಬುದಕ್ಕೆ ಎರಡು ನಿದರ್ಶನಗಳಿವೆ. ಪೆಟ್ಟುಬಿದ್ದು ಪೊರೆ ನಾಶವಾಗಿ ಬೇರು ಮೂಳೆಯೊಡನೆ ಬೆಸೆದುಕೊಂಡ ಹಲ್ಲಿಗೆ ಎಷ್ಟು ಕಾಲ ತಂತಿ ಕಟ್ಟಿದರೂ ಅದು ಕದಲದು. ಟೈಟಾನಿಯಂ ಇಂಪ್ಲಾಂಟ್ ಕೂಡ ಹಾಗೆಯೇ. ಇದಕ್ಕೆ ವ್ಯತಿರಿಕ್ತವಾಗಿ, ಪೊರೆ ಆರೋಗ್ಯವಾಗಿದ್ದರೆ ಐವತ್ತು ದಾಟಿದವರ ಹಲ್ಲೂ ಸರಿಯುತ್ತದೆ. ಕ್ಲಿಪ್ ಮಕ್ಕಳಿಗೆ ಮಾತ್ರ ಎಂಬುದು ನಿಜವಲ್ಲ. ಬೆಳೆಯುವ ವಯಸ್ಸಿನಲ್ಲಿ ದವಡೆಯ ಬೆಳವಣಿಗೆಯನ್ನೂ ತುಸು ತಿದ್ದಲು ಆಗುತ್ತದೆ, ದೊಡ್ಡವರಲ್ಲಿ ಆ ಅನುಕೂಲ ಇಲ್ಲ, ವ್ಯತ್ಯಾಸ ಅಷ್ಟೇ. ಒಸಡಿನ ಕಾಯಿಲೆಯಿಂದ ಮೂಳೆ ಸವೆದವರಿಗೆ ಮಾತ್ರ ಮೊದಲು ಅದನ್ನು ಹತೋಟಿಗೆ ತರಲೇಬೇಕು.

ಬಲದ ಪ್ರಮಾಣದಷ್ಟೇ ಮುಖ್ಯವಾದದ್ದು ಅದು ಬೀಳುವ ಜಾಗ. ಮಣ್ಣಿನಲ್ಲಿ ಹೂತ ಬೇಲಿಗೂಟವನ್ನು ಮೇಲ್ತುದಿಯಲ್ಲಿ ತಳ್ಳಿದರೆ ಅದು ವಾಲುತ್ತದೆಯೇ ಹೊರತು ನಿಂತ ಭಂಗಿಯಲ್ಲೇ ಪಕ್ಕಕ್ಕೆ ಸರಿಯುವುದಿಲ್ಲ. ಹಲ್ಲಿನ ಕಥೆಯೂ ಅದೇ. ಹಲ್ಲಿನ ಪ್ರತಿರೋಧ ಕೇಂದ್ರ ಬೇರಿನ ಮೇಲೆ, ಮೂಳೆಯೊಳಗೆ ಇದೆ. ನಮ್ಮ ಕೈಗೆ ಸಿಗುವುದು ಹೊರಗೆ ಕಾಣುವ ಭಾಗ ಮಾತ್ರ. ಹಾಗಾಗಿ ಒಂದೇ ಬಿಂದುವಿನಲ್ಲಿ ತಳ್ಳುವ ಸಾಧನ ಹಲ್ಲಿನ ತುದಿಯನ್ನು ಒಂದು ಕಡೆಗೆ ತಂದು ಬೇರಿನ ತುದಿಯನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಬೇರನ್ನೂ ಜೊತೆಗೆ ತರಬೇಕಾದರೆ ಹಲ್ಲಿನ ಹೊರಮೈಯಲ್ಲೇ ತಿರುಚುವ ಬಲವೊಂದನ್ನು ಹುಟ್ಟಿಸಬೇಕು. ಆಯತಾಕಾರದ ಸೀಳಿನೊಳಗೆ ಆಯತಾಕಾರದ ತಂತಿ ಕೂರಿಸುವ ಉಪಾಯ ಹುಟ್ಟಿದ್ದು ಇದಕ್ಕಾಗಿ.

ಬ್ರಾಕೆಟ್

ಹಲ್ಲಿಗೆ ಲೋಹ ಕಟ್ಟಿ ಸಾಲು ತಿದ್ದುವ ಪ್ರಯತ್ನ ಹಳೆಯದು. ಫ್ರಾನ್ಸಿನ ಪಿಯೆರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ ಲಾಳಾಕಾರದ ಲೋಹದ ಪಟ್ಟಿಯೊಂದನ್ನು ವಿವರಿಸಿದ್ದಾನೆ. ಹಲ್ಲುಗಳನ್ನು ದಾರದಿಂದ ಆ ಪಟ್ಟಿಗೆ ಕಟ್ಟಿ ಎಳೆಯುವುದು ಅವನ ವಿಧಾನ. ಅದರಲ್ಲಿ ಹಲ್ಲು ವಾಲುತ್ತಿತ್ತು, ಬೇರಿನ ಮೇಲೆ ಹಿಡಿತವಿರಲಿಲ್ಲ. ಆ ಹಿಡಿತ ಒದಗಿಸಿದವರು ಅಮೆರಿಕದ ಎಡ್ವರ್ಡ್ ಹಾರ್ಟ್ಲಿ ಆಂಗಲ್ (1855-1930). ಹಲ್ಲಿನ ಕಚ್ಚುವಿಕೆಯ ದೋಷಗಳನ್ನು ಅವರು 1899ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದರು. ಇಂದಿಗೂ ಬೆಂಗಳೂರಿನಿಂದ ಬೋಸ್ಟನ್ನಿನವರೆಗೆ ದಂತವೈದ್ಯರು ಕೇಸ್ ಶೀಟಿನಲ್ಲಿ ಬರೆಯುವುದು ಆ ವರ್ಗಗಳನ್ನೇ. ಒಂದಾದ ಮೇಲೊಂದು ಸಾಧನ ಮಾಡಿ, ಅದರ ಕೊರತೆ ಕಂಡು, ಇನ್ನೊಂದನ್ನು ರೂಪಿಸುತ್ತ ಹೋದ ಆಂಗಲ್ ಕೊನೆಗೆ 1928ರಲ್ಲಿ ಎಡ್ಜ್‌ವೈಸ್ ಬ್ರಾಕೆಟ್ ಅನ್ನು ಪ್ರಕಟಿಸಿದರು. ಹಿಂದಿನ ರಿಬ್ಬನ್ ಆರ್ಚ್ ಸಾಧನದಲ್ಲಿ ತಂತಿಯ ಅಗಲದ ಮುಖ ಹಲ್ಲಿಗೆ ಒರಗಿರುತ್ತಿತ್ತು. ಹೊಸದರಲ್ಲಿ ಅವರು ತಂತಿಯನ್ನು 90 ಡಿಗ್ರಿ ತಿರುಗಿಸಿ, ಸೀಳಿನ ಬಾಯಿಯನ್ನು ನೇರ ಮುಂದಕ್ಕೆ ತೆರೆದರು. ಸೀಳಿನ ಅಳತೆ 0.022 × 0.028 ಇಂಚು. ಸುಮಾರು ಒಂದು ಶತಮಾನ ಕಳೆದರೂ ಆ ಅಳತೆ ಬಳಕೆಯಲ್ಲಿದೆ. ಉಕ್ಕಿನ ತಂತಿ ಬಂದ ಮೇಲೆ ಸೇರಿಕೊಂಡ 0.018 ಇಂಚಿನ ಸೀಳು ಇನ್ನೊಂದು ಪ್ರಚಲಿತ ಅಳತೆ.

ಈಗಿನ ಬ್ರಾಕೆಟ್ ಒಂದನ್ನು ಅಂಗೈ ಮೇಲಿಟ್ಟು ನೋಡಿದರೆ ಅಕ್ಕಿಕಾಳಿಗಿಂತ ದೊಡ್ಡದೇನಲ್ಲ, ಆದರೆ ಅದರ ಒಂದೊಂದು ಮೂಲೆಗೂ ಕೆಲಸವಿದೆ. ಹಲ್ಲಿಗೆ ತಾಗುವ ತಳ ಹಲ್ಲಿನ ಉಬ್ಬಿಗೆ ತಕ್ಕಂತೆ ಬಾಗಿದ್ದು, ಅದರ ಮೇಲೆ ಸಣ್ಣ ಲೋಹದ ಬಲೆ ಇರುತ್ತದೆ. ಅಂಟು ಈ ಬಲೆಯ ಕಣ್ಣುಗಳೊಳಗೆ ಹೊಕ್ಕು ಗಟ್ಟಿಯಾಗಿ ಹಿಡಿತ ಕೊಡುತ್ತದೆ. ಮುಂಭಾಗದ ನಡುವೆ ತಂತಿ ಕೂರುವ ಅಡ್ಡ ಸೀಳು, ಅಂದರೆ ಸ್ಲಾಟ್. ಸ್ಲಾಟಿನ ಮೇಲೂ ಕೆಳಗೂ ಚಾಚಿದ ನಾಲ್ಕು ಪುಟ್ಟ ರೆಕ್ಕೆಗಳ ಅಡಿಯಲ್ಲಿ ಕಟ್ಟುವ ರಬ್ಬರು ಸಿಕ್ಕಿಕೊಳ್ಳುತ್ತದೆ. ಕೋರೆಹಲ್ಲಿನ ಬ್ರಾಕೆಟ್‌ಗೆ ಬಹುಮಟ್ಟಿಗೆ ಕೊಕ್ಕೆಯೊಂದು ಇರುತ್ತದೆ. ಒಂದು ಮೂಲೆಯಲ್ಲಿ ಬಣ್ಣದ ಚುಕ್ಕೆ ಇದ್ದು, ಅದು ಯಾವ ಹಲ್ಲಿನದು, ಯಾವ ಕಡೆ ಮೇಲೆ ಎಂದು ಗುರುತು ಹೇಳುತ್ತದೆ.

ಚುಕ್ಕೆಯ ಅಗತ್ಯ ಏಕೆಂದರೆ ಪ್ರತಿ ಹಲ್ಲಿನ ಬ್ರಾಕೆಟ್ ಬೇರೆ ಬೇರೆ. ಆಂಗಲ್ ಕಾಲದ ಬ್ರಾಕೆಟ್‌ಗಳು ಎಲ್ಲ ಹಲ್ಲಿಗೂ ಒಂದೇ ಆಗಿದ್ದವು. ಹಲ್ಲುಗಳ ದಪ್ಪ, ಓರೆ, ಬೇರಿನ ವಾಲಿಕೆ ಬೇರೆ ಬೇರೆಯಾದ್ದರಿಂದ ವೈದ್ಯರು ಪ್ರತಿ ಹಲ್ಲಿನ ಬಳಿ ತಂತಿಯನ್ನು ಇಕ್ಕಳದಿಂದ ಮೂರು ಬಗೆಯಲ್ಲಿ ಬಗ್ಗಿಸಬೇಕಿತ್ತು: ಒಳ-ಹೊರಕ್ಕೆ ಒಂದು, ಎಡ-ಬಲದ ಓರೆಗೆ ಇನ್ನೊಂದು, ಬೇರನ್ನು ಹಿಂದೆ-ಮುಂದೆ ತಿರುಚುವ ಟಾರ್ಕಿಗೆ ಮತ್ತೊಂದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಆಂಡ್ರ್ಯೂಸ್ ಈ ದುಡಿಮೆಯನ್ನು ತಂತಿಯಿಂದ ಬ್ರಾಕೆಟ್‌ಗೆ ವರ್ಗಾಯಿಸಿದರು. ಯಾವ ಚಿಕಿತ್ಸೆಯೂ ಇಲ್ಲದೆ ಚೆನ್ನಾಗಿ ಜೋಡಿಕೊಂಡಿದ್ದ 120 ಜನರ ಹಲ್ಲಿನ ಅಚ್ಚುಗಳನ್ನು ಅಳೆದು, ಒಳ್ಳೆಯ ಕಚ್ಚುವಿಕೆಗೆ ಆರು ಲಕ್ಷಣಗಳಿವೆ ಎಂದು 1972ರಲ್ಲಿ ಪ್ರಕಟಿಸಿದರು. ಆ ಅಳತೆಗಳನ್ನೇ ಬ್ರಾಕೆಟ್‌ನ ತಳದ ದಪ್ಪದಲ್ಲೂ ಸ್ಲಾಟಿನ ಓರೆಯಲ್ಲೂ ಕೆತ್ತಿಟ್ಟರೆ ನೇರ ತಂತಿಯೊಂದು ತಾನಾಗಿಯೇ ಪ್ರತಿ ಹಲ್ಲನ್ನು ಅದರ ನೆಲೆಗೆ ತರುತ್ತದೆ ಎಂಬುದು ಅವರ ಆಲೋಚನೆ. ಅದಕ್ಕೇ ಇದಕ್ಕೆ ಸ್ಟ್ರೇಟ್ ವೈರ್ ಎಂಬ ಹೆಸರು ಬಂತು. ಮೇಲಿನ ನಡು ಬಾಚಿಹಲ್ಲಿಗೆ ಆಂಡ್ರ್ಯೂಸ್ ಇಟ್ಟ ಟಾರ್ಕ್ 7 ಡಿಗ್ರಿ. ಆಮೇಲೆ ರಾತ್ ಎಂಬವರು ಅದನ್ನು 12ಕ್ಕೆ, 1990ರ ದಶಕದಲ್ಲಿ ಮೆಕ್‌ಲಾಫ್ಲಿನ್, ಬೆನೆಟ್, ಟ್ರೆವಿಸಿ ಮೂವರು 17ಕ್ಕೆ ಏರಿಸಿದರು. ಭಾರತದ ಕ್ಲಿನಿಕ್ಕುಗಳಲ್ಲಿ ಎಂಬಿಟಿ ಎಂದು ಕರೆಯುವ ಬ್ರಾಕೆಟ್ ಈ ಮೂವರದು. ಅಂಕಿಗಳನ್ನು ಏರಿಸಬೇಕಾಗಿ ಬಂದದ್ದಕ್ಕೆ ಕಾರಣವಿದೆ. ತಂತಿ ಸ್ಲಾಟಿಗಿಂತ ತುಸು ಸಣ್ಣದಿರುವುದರಿಂದ 0.022 ಸ್ಲಾಟಿನಲ್ಲಿ 0.019 × 0.025 ಇಂಚಿನ ತಂತಿಗೆ ಸುಮಾರು 10 ಡಿಗ್ರಿಯಷ್ಟು ಸಡಿಲ ಇರುತ್ತದೆ. ಕೆತ್ತಿದ ಟಾರ್ಕಿನಲ್ಲಿ ಅಷ್ಟು ಪಾಲು ಹಲ್ಲಿಗೆ ತಲುಪುವುದೇ ಇಲ್ಲ. ಯಾವ ಕಂಪನಿಯ, ಯಾವ ಅಂಕಿಯ ಬ್ರಾಕೆಟ್ ಎಂಬುದಕ್ಕಿಂತ ಅದನ್ನು ಹಲ್ಲಿನ ಮೇಲೆ ಸರಿಯಾದ ಎತ್ತರದಲ್ಲಿ, ಸರಿಯಾದ ಓರೆಯಲ್ಲಿ ಅಂಟಿಸಿದ್ದಾರೆಯೇ ಎಂಬುದೇ ಫಲಿತಾಂಶದ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ಅರ್ಧ ಮಿಲಿಮೀಟರ್ ಮೇಲೆ ಅಂಟಿಸಿದ ಬ್ರಾಕೆಟ್ ಹಲ್ಲನ್ನು ಅರ್ಧ ಮಿಲಿಮೀಟರ್ ತಪ್ಪು ಜಾಗಕ್ಕೇ ಕರೆದೊಯ್ಯುತ್ತದೆ.

ಒಂದು ಕಾಲದಲ್ಲಿ ಅಂಟಿಸುವ ದಾರಿಯೇ ಇರಲಿಲ್ಲ. ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸಿ, ಬ್ರಾಕೆಟ್ ಅನ್ನು ಅದಕ್ಕೆ ಬೆಸೆಯುತ್ತಿದ್ದರು. ನಕ್ಕರೆ ಬಾಯಿ ತುಂಬ ಲೋಹವೇ ಕಾಣುತ್ತಿತ್ತು. ಮೈಕೆಲ್ ಬ್ಯುವೊನೊಕೋರ್ ಎಂಬವರು 1955ರಲ್ಲಿ ಹಲ್ಲಿನ ಹೊರಕವಚವಾದ ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲ ಸವರಿದರೆ ರಾಳ ಅದಕ್ಕೆ ಬಲವಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದ ಮೇಲೆ ಚಿತ್ರ ಬದಲಾಯಿತು. ಈಗ ಸುಮಾರು 37 ಶೇಕಡಾ ಆಮ್ಲವನ್ನು 15ರಿಂದ 30 ಸೆಕೆಂಡು ಬಿಟ್ಟು ತೊಳೆದು ಒಣಗಿಸಿದಾಗ ಹಲ್ಲು ಸುಣ್ಣದಂತೆ ಮಂಕಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳು ಅಲ್ಲಿ ತೆರೆದಿರುತ್ತವೆ. ದ್ರವರಾಳ ಅವುಗಳೊಳಗೆ ಇಳಿದು, ನೀಲಿ ಬೆಳಕು ಬಿದ್ದ ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಅಂಟು ಅಗಿಯುವ ಭಾರವನ್ನು ತಡೆಯುವಷ್ಟು ಬಲವಾಗಿರಬೇಕು, ಕೊನೆಗೆ ಎನಾಮಲ್ ಕಿತ್ತುಬರದೆ ಬಿಡುವಷ್ಟು ಮಿತವಾಗಿಯೂ ಇರಬೇಕು. 6ರಿಂದ 8 ಮೆಗಾಪ್ಯಾಸ್ಕಲ್ ಸಾಕೆಂಬುದು ಬಹುಕಾಲದಿಂದ ಒಪ್ಪಿತವಾದ ಅಂದಾಜು. ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು ಮೊದಲಾದ ಕಡೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹಲವೆಡೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು, ಬಿಳಿ ಕಲೆಗಳು ಮೂಡುತ್ತವೆ. ಅಂಥ ಎನಾಮಲ್‌ನ ಹೊರಪದರ ಆಮ್ಲಕ್ಕೆ ಬೇಗ ಮಣಿಯುವುದಿಲ್ಲ. ಹೀಗಾಗಿ ಬ್ರಾಕೆಟ್ ಪದೇಪದೇ ಕಳಚುತ್ತದೆ. ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು, ಮೇಲ್ಮೈಯನ್ನು ಮೊದಲು ತುಸು ಒರಟು ಮಾಡುವುದು ಮುಂತಾದ ಉಪಾಯಗಳನ್ನು ಮಾಡಬೇಕಾಗುತ್ತದೆ.

ಹಿಂಬದಿಯ ದವಡೆ ಹಲ್ಲುಗಳ ಮೇಲೆ ಮಾತ್ರ ಲೋಹದ ಉಂಗುರ, ಅಂದರೆ ಬ್ಯಾಂಡ್, ಇನ್ನೂ ಉಳಿದುಕೊಂಡಿದೆ. ಅಗಿಯುವ ಭಾರ ಅಲ್ಲಿ ಹೆಚ್ಚು, ಜೊಲ್ಲಿನ ತೇವವೂ ಹೆಚ್ಚು. ಬ್ಯಾಂಡ್ ಹಾಕುವ ಮುಂಚೆ ಹಲ್ಲುಗಳ ಸಂದಿಗೆ ಸಣ್ಣ ರಬ್ಬರ್ ಉಂಗುರಗಳನ್ನು ಸಿಕ್ಕಿಸಿ, ಕೆಲವು ದಿನ ಬಿಟ್ಟರೆ ಕಾಲು ಮಿಲಿಮೀಟರಿನಷ್ಟು ಜಾಗವಾಗುತ್ತದೆ. ಆ ನಾಲ್ಕೈದು ದಿನ ಏನನ್ನು ಅಗಿದರೂ ನೋಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬ್ಯಾಂಡಿನ ಕೆನ್ನೆ ಬದಿಯಲ್ಲಿ ಬೆಸೆದ ಕೊಳವೆಯೊಳಗೆ ತಂತಿಯ ತುದಿ ನುಗ್ಗುತ್ತದೆ. ಈಗ ಕೊಳವೆಯನ್ನೇ ನೇರವಾಗಿ ಹಲ್ಲಿಗೆ ಅಂಟಿಸುವುದೂ ಸಾಮಾನ್ಯವಾಗಿದೆ.

ತಂತಿ

ತಂತಿ ಈ ಸಾಧನದ ಎಂಜಿನ್ ಎನ್ನಬಹುದು. ಬಾಯಿಗೆ ಹಾಕುವ ಮುಂಚೆಯೇ ಅದಕ್ಕೆ ಒಳ್ಳೆಯ ಹಲ್ಲುಸಾಲಿನ ಕಮಾನಿನ ಆಕಾರ ಇರುತ್ತದೆ. ವಕ್ರವಾದ ಹಲ್ಲುಗಳ ಬ್ರಾಕೆಟ್‌ಗಳಿಗೆ ಸಿಕ್ಕಿಸಿದಾಗ ಅದು ಅಲ್ಲಲ್ಲಿ ಬಾಗುತ್ತದೆ, ಬಾಗಿದ ತಂತಿ ತನ್ನ ಮೂಲ ಆಕಾರಕ್ಕೆ ಮರಳಲು ತವಕಿಸುತ್ತದೆ. ಆ ತವಕವೇ ಹಲ್ಲಿಗೆ ತಲುಪುವ ಬಲ.

ದುಂಡು ತಂತಿಯ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವ್ಯಾಸ ಎರಡರಷ್ಟಾದರೆ ಬಿಗಿತ 16 ಪಟ್ಟು. ಎರಡು ಬ್ರಾಕೆಟ್‌ಗಳ ನಡುವಿನ ದೂರ ಅರ್ಧಕ್ಕೆ ಇಳಿದರೆ ಬಿಗಿತ 8 ಪಟ್ಟು ಹೆಚ್ಚುತ್ತದೆ. ಆದ್ದರಿಂದ ತಂತಿಯ ದಪ್ಪವನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಆರಿಸುತ್ತಾರೆ. 14 ಎಂದರೆ 0.014 ಇಂಚು, 16 ಎಂದರೆ 0.016. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಹಲ್ಲಿಗೆ ಒಂದೇ ಅಲ್ಲ.

ಲೋಹದ ಆಯ್ಕೆಯ ಚರಿತ್ರೆ ರೋಚಕವಾದುದು. ಆಂಗಲ್ ಬಳಸಿದ್ದು ಚಿನ್ನದ ಮಿಶ್ರಲೋಹ. 1930-40ರ ದಶಕಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಆ ಜಾಗಕ್ಕೆ ಬಂತು. ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಸೇರಿದ ಈ ಉಕ್ಕು ಅಗ್ಗ, ಗಟ್ಟಿ, ಜೊಲ್ಲಿನಲ್ಲಿ ತುಕ್ಕು ಹಿಡಿಯದು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಆಂಗಲ್‌ರ ಶಿಷ್ಯ ರೇಮಂಡ್ ಬೆಗ್, ಲೋಹತಜ್ಞ ಎ. ಜೆ. ವಿಲ್ಕಾಕ್ ಎಳೆದುಕೊಟ್ಟ ತೆಳುವಾದ ಪುಟಿಯುವ ಉಕ್ಕಿನ ತಂತಿಯಿಂದ ಹಗುರ ಬಲದ ಪದ್ಧತಿಯೊಂದನ್ನು ಕಟ್ಟಿದರು. ಭಾರತದ ದಂತ ಕಾಲೇಜುಗಳಲ್ಲಿ ಅನೇಕ ದಶಕ ಅದನ್ನೇ ಕಲಿಸಲಾಯಿತು. ಆದರೂ ಉಕ್ಕಿಗೊಂದು ಮಿತಿ ಇತ್ತು. ಬಹಳ ಬಾಗಿಸಿದರೆ ಅದು ಬಾಗಿದಂತೆಯೇ ಉಳಿಯುತ್ತದೆ, ಹಲ್ಲು ತುಸು ಸರಿಯುತ್ತಲೇ ಬಲ ಇಳಿದುಹೋಗುತ್ತದೆ. ಹಾಗಾಗಿ ವೈದ್ಯರು ತಂತಿಯಲ್ಲಿ ಸುರುಳಿ, ಕುಣಿಕೆಗಳನ್ನು ಹೆಣೆದು ಉದ್ದ ಹೆಚ್ಚಿಸಿ ಬಿಗಿತ ತಗ್ಗಿಸುತ್ತಿದ್ದರು.

ಅಮೆರಿಕದ ನೌಕಾಪಡೆಯ ಆರ್ಡ್‌ನೆನ್ಸ್ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1960ರ ಆಸುಪಾಸಿನಲ್ಲಿ ಪರೀಕ್ಷಿಸುತ್ತಿದ್ದ ನಿಕ್ಕಲ್-ಟೈಟಾನಿಯಂ ಮಿಶ್ರಲೋಹ ಈ ಕಷ್ಟವನ್ನು ನೀಗಿಸಿತು. ಬಾಗಿಸಿ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ಈ ಲೋಹಕ್ಕೆ ಅದರ ಧಾತುಗಳ ಮತ್ತು ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳಿಂದ ನಿಟಿನಾಲ್ ಎಂದು ಹೆಸರಿಟ್ಟರು. ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸೆನ್ 1970ರ ದಶಕದ ಆರಂಭದಲ್ಲಿ ಅದನ್ನು ಹಲ್ಲಿಗೆ ತಂದರು. ಅದರ ಬಿಗಿತ ಉಕ್ಕಿನ ಐದಾರನೇ ಒಂದು ಪಾಲು. 1980ರ ದಶಕದಲ್ಲಿ ಚೀನಾ ಮತ್ತು ಜಪಾನಿನಿಂದ ಬಂದ ಹೊಸ ಬಗೆಗಳಲ್ಲಿ ಇನ್ನೂ ಅಪರೂಪದ ಗುಣವಿತ್ತು. ಬಾಗಿಸಿದಾಗ ಲೋಹದ ಹರಳುಗಳ ಜೋಡಣೆಯೇ ಒಂದು ರೂಪದಿಂದ ಇನ್ನೊಂದಕ್ಕೆ ಮಾರ್ಪಡುತ್ತದೆ. ಅದರಿಂದಾಗಿ ಸ್ವಲ್ಪ ಬಾಗಿದ್ದರೂ ಬಹಳ ಬಾಗಿದ್ದರೂ ತಂತಿ ಕೊಡುವ ಬಲ ಹೆಚ್ಚುಕಡಿಮೆ ಒಂದೇ. ಹಲ್ಲು 3 ಮಿಲಿಮೀಟರ್ ಸರಿಯುವವರೆಗೂ ಬಲ ಕುಂದದೆ ಹಗುರವಾಗಿ ಸಾಗುತ್ತದೆ, ಮೂಳೆ ಬಯಸುವುದೂ ಅಂಥ ಬಲವನ್ನೇ. ತಾಮ್ರ ಬೆರೆಸಿದ ತಂತಿಗಳು ತಣ್ಣಗಾದಾಗ ಮೆತ್ತಗಾಗಿ, ಬಾಯಿಯ ಬಿಸಿಗೆ ಚುರುಕಾಗುತ್ತವೆ. ಈ ತಂತಿ ಹಾಕಿಸಿಕೊಂಡವರಿಗೆ ಬಿಸಿ ಕಾಫಿ ಕುಡಿದಾಗ ಎಳೆತ ತುಸು ಹೆಚ್ಚಾದಂತೆ, ತಣ್ಣೀರು ಕುಡಿದಾಗ ಹಗುರಾದಂತೆ ಅನ್ನಿಸಲು ಇದೇ ಕಾರಣ. ನೈಟೈ ಎಂದು ಕ್ಲಿನಿಕ್ಕುಗಳಲ್ಲಿ ಕರೆಯುವ ನಿಕ್ಕಲ್-ಟೈಟಾನಿಯಂ ತಂತಿಯಷ್ಟು ಚಿಕಿತ್ಸೆಯ ನೋವನ್ನೂ ಭೇಟಿಗಳ ಸಂಖ್ಯೆಯನ್ನೂ ತಗ್ಗಿಸಿದ ಇನ್ನೊಂದು ಬದಲಾವಣೆ ಈ ಕ್ಷೇತ್ರದಲ್ಲಿ ಆಗಿಲ್ಲವೆಂದೇ ಹೇಳಬೇಕು.

ಆದರೆ ನೈಟೈ ಒಂದರಿಂದಲೇ ಕೆಲಸ ಮುಗಿಯದು. ಇಕ್ಕಳದಿಂದ ಬಗ್ಗಿಸಿದರೆ ಅದು ನಿಲ್ಲುವುದಿಲ್ಲ, ಎಳೆಯುವಾಗ ಸಾಲು ಕೆಡದಂತೆ ಹಿಡಿದಿಡುವ ಗಟ್ಟಿತನವೂ ಅದಕ್ಕಿಲ್ಲ. ಆಗ ಉಕ್ಕೇ ಬೇಕು. ಚಾರ್ಲ್ಸ್ ಬರ್ಸ್ಟೋನ್ ಮತ್ತು ಗೋಲ್ಡ್‌ಬರ್ಗ್ 1980ರಲ್ಲಿ ಪರಿಚಯಿಸಿದ ಬೀಟಾ ಟೈಟಾನಿಯಂ ಇವೆರಡರ ನಡುವಿನದು. ಬಗ್ಗಿಸಲೂ ಬರುತ್ತದೆ, ಬಲವೂ ಹಗುರ. ನಿಕ್ಕಲ್ ಇಲ್ಲದಿರುವುದರಿಂದ ಆ ಲೋಹ ಒಗ್ಗದವರಿಗೆ ಇದು ಅನುಕೂಲ.

ಕಟ್ಟು, ರಬ್ಬರು, ಆಧಾರ

ಹುಡುಗ ಹುಡುಗಿಯರು ಹಬ್ಬಕ್ಕೊಂದು ಬಣ್ಣ ಆರಿಸಿಕೊಳ್ಳುವ ಪುಟ್ಟ ರಬ್ಬರ್ ಉಂಗುರಗಳೇ ಮಾಡ್ಯೂಲ್‌ಗಳು. ತಂತಿಯನ್ನು ಸ್ಲಾಟಿನಲ್ಲಿ ಹಿಡಿದಿಡುವುದು ಅವುಗಳ ಕೆಲಸ. ಕೆಲವು ವಾರಗಳಲ್ಲಿ ಅರಿಸಿನ, ಸಾರಿನ ಬಣ್ಣ ಹೀರಿ ಹಳದಿಯಾಗಿ ಸಡಿಲವಾಗುವುದರಿಂದ ಪ್ರತಿ ಭೇಟಿಯಲ್ಲೂ ಬದಲಿಸುತ್ತಾರೆ. ತಿರುಚಿಕೊಂಡ ಹಲ್ಲನ್ನು ಬಿಗಿಯಾಗಿ ತಂತಿಗೆ ಎಳೆಯಬೇಕಾದಾಗ 0.010 ಇಂಚಿನಷ್ಟು ತೆಳುವಾದ ಉಕ್ಕಿನ ಎಳೆಯಿಂದ ಕಟ್ಟುತ್ತಾರೆ. ಈ ಕಟ್ಟಿನ ತುದಿ ತುಟಿಗೆ ಚುಚ್ಚಿದರೆ ಮೇಣ ಮೆತ್ತಿಕೊಳ್ಳುವುದು ತಾತ್ಕಾಲಿಕ ಪರಿಹಾರ. ಉಂಗುರಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಚೈನು ಹಲ್ಲುಗಳ ನಡುವಿನ ಸಂದು ಮುಚ್ಚುತ್ತದೆ. ಹಾಕಿದ ಮೊದಲ ದಿನದಲ್ಲೇ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಹೊಸದಾಗಿ ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೈಟೈ ಸುರುಳಿ ಸ್ಪ್ರಿಂಗುಗಳಲ್ಲಿ ಈ ಇಳಿಕೆ ತೀರ ಕಡಿಮೆ. ಜಾಗ ಮುಚ್ಚಲು ಎಳೆಯುವ ಸ್ಪ್ರಿಂಗು, ಜಾಗ ಬಿಡಿಸಲು ತಳ್ಳುವ ಸ್ಪ್ರಿಂಗು ಎಂದು ಎರಡು ಬಗೆ ಇವೆ.

ರೋಗಿ ತಾನೇ ಹಾಕಿಕೊಳ್ಳಬೇಕಾದದ್ದು ಎಲಾಸ್ಟಿಕ್ ಎಂಬ ರಬ್ಬರ್ ಬಳೆ ಒಂದೇ. ಮೇಲಿನ ಹಲ್ಲು ಮುಂದೆ ಚಾಚಿದ್ದರೆ ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆ ಹಲ್ಲಿಗೆ, ಕೆಳಗಿನ ಸಾಲು ಮುಂದಿದ್ದರೆ ಅದಕ್ಕೆ ತಿರುವಾಗಿ ಅದನ್ನು ಎಳೆದು ಸಿಕ್ಕಿಸಿಕೊಳ್ಳಬೇಕು. ಊಟದ ಹೊತ್ತು ಬಿಟ್ಟು ಇಡೀ ದಿನ ಇರಬೇಕು, ದಿನವೂ ಹೊಸದು ಹಾಕಬೇಕು. ಆರು ಗಂಟೆಯ ಮಿತಿಯನ್ನು ಇಲ್ಲಿ ನೆನೆಯಬೇಕು. ದಿನಕ್ಕೆ ಒಂದೆರಡು ಗಂಟೆ ನೆಪಕ್ಕೆ ಹಾಕಿಕೊಂಡವರ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುವುದು ಇದೊಂದೇ ಕಾರಣದಿಂದ.

ಒಂದನ್ನು ಎಳೆದರೆ ಅದೂ ಎಳೆಯುವುದನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ಎಳೆಯುತ್ತದೆ ಎಂಬ ನ್ಯೂಟನ್ನನ ಮೂರನೇ ನಿಯಮ ಬಾಯಲ್ಲೂ ತಪ್ಪುವುದಿಲ್ಲ. ದವಡೆ ಹಲ್ಲನ್ನು ಹಿಡಿದು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆದರೆ ದವಡೆ ಹಲ್ಲೂ ಮುಂದಕ್ಕೆ ಜರುಗುತ್ತದೆ. ಇದನ್ನು ತಡೆಯುವ ಏರ್ಪಾಡಿಗೆ ಆಧಾರ ಎನ್ನುತ್ತಾರೆ. ಬೇರುಗಳು ಹೆಚ್ಚಿರುವ ಹಲ್ಲುಗಳನ್ನು ಒಟ್ಟಿಗೆ ಕಟ್ಟುವುದು, ಮೇಲಿನ ಎಡ ಬಲ ದವಡೆ ಹಲ್ಲುಗಳನ್ನು ಅಂಗುಳದ ಮೇಲೆ ಹಾಯುವ ದಪ್ಪ ತಂತಿಯಿಂದ ಜೋಡಿಸುವುದು ಹಳೆಯ ಮಾರ್ಗಗಳು. ಈಗ 1.2ರಿಂದ 2 ಮಿಲಿಮೀಟರ್ ವ್ಯಾಸದ ಟೈಟಾನಿಯಂ ಮಿಶ್ರಲೋಹದ ಸಣ್ಣ ಸ್ಕ್ರೂ ಒಂದನ್ನು ಬೇರುಗಳ ನಡುವಿನ ಮೂಳೆಗೆ ಹಾಕಿ ಅದರಿಂದಲೇ ಎಳೆಯುತ್ತಾರೆ. ಅದಕ್ಕೆ ನಾರುಪೊರೆ ಇಲ್ಲದಿರುವುದರಿಂದ ಹಲ್ಲಿನಂತೆ ಜರುಗುವ ಪ್ರಶ್ನೆ ಇಲ್ಲ. ಕೆಲಸ ಮುಗಿದ ಮೇಲೆ ತೆಗೆದುಬಿಡುತ್ತಾರೆ.

ಎರಡು ವರ್ಷದ ನಡೆ

ಸಾಮಾನ್ಯ ಚಿಕಿತ್ಸೆ ಒಂದೂವರೆಯಿಂದ ಎರಡು ವರ್ಷ ನಡೆಯುತ್ತದೆ. ಮೊದಲು ತೆಳು ನೈಟೈ ತಂತಿಗಳಿಂದ ಹಲ್ಲುಗಳನ್ನು ಸಾಲಿಗೂ ಮಟ್ಟಕ್ಕೂ ತರುತ್ತಾರೆ. ಕನ್ನಡಿಯಲ್ಲಿ ಎದ್ದು ಕಾಣುವ ಬದಲಾವಣೆ ಬಹುಪಾಲು ಈ ಮೊದಲ ಆರು ತಿಂಗಳಲ್ಲೇ ಆಗುತ್ತದೆ. ಇನ್ನೇಕೆ ಕ್ಲಿಪ್ ಎಂದು ಮನೆಯವರು ಕೇಳತೊಡಗುವುದೂ ಆಗಲೇ. ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ: ಆಯತಾಕಾರದ ಉಕ್ಕಿನ ತಂತಿಯ ಮೇಲೆ ಸಂದು ಮುಚ್ಚುವುದು, ಮೇಲಿನ ಮತ್ತು ಕೆಳಗಿನ ಸಾಲನ್ನು ಹೊಂದಿಸುವುದು, ಬೇರುಗಳನ್ನು ನೆಟ್ಟಗೆ ನಿಲ್ಲಿಸುವುದು.

ಜಾಗ ಸಾಲದಿದ್ದಾಗ ಮುಂದವಡೆ ಹಲ್ಲುಗಳನ್ನು ಕೀಳಿಸಬೇಕೇ ಎಂಬುದು ಶತಮಾನದಷ್ಟು ಹಳೆಯ ವಾದ. ಆಂಗಲ್ ಕೀಳಿಸುವುದನ್ನು ಕಟ್ಟುನಿಟ್ಟಾಗಿ ವಿರೋಧಿಸಿದರು. ಅವರ ಶಿಷ್ಯರಾದ ಚಾರ್ಲ್ಸ್ ಟ್ವೀಡ್ ಮತ್ತು ಬೆಗ್ ತಮ್ಮ ರೋಗಿಗಳ ಹಲ್ಲುಗಳು ಮತ್ತೆ ವಕ್ರವಾದದ್ದನ್ನು ಕಂಡು ಕೀಳಿಸುವ ಕಡೆ ವಾಲಿದರು. ಒಂದು ಮುಂದವಡೆ ಹಲ್ಲು ಕಿತ್ತರೆ ಸುಮಾರು 7 ಮಿಲಿಮೀಟರ್ ಜಾಗ ಸಿಗುತ್ತದೆ. ಅಷ್ಟು ಜಾಗ ಬೇಕೇ ಎಂಬುದನ್ನು ಎಕ್ಸ್‌ರೇ, ಹಲ್ಲಿನ ಅಚ್ಚು, ತುಟಿಯ ಚಾಚು ನೋಡಿ ನಿರ್ಧರಿಸಬೇಕೇ ಹೊರತು ಸಿದ್ಧಾಂತದಿಂದಲ್ಲ.

ತಂತಿ ಹಾಕಿದ ಕೆಲವು ಗಂಟೆಗಳ ಮೇಲೆ ನೋವು ಶುರುವಾಗಿ, ಒಂದು ದಿನದ ಹೊತ್ತಿಗೆ ತುತ್ತತುದಿ ಮುಟ್ಟಿ, ವಾರದೊಳಗೆ ಇಳಿಯುತ್ತದೆ. ಮೆತ್ತನೆಯ ಅನ್ನ, ಇಡ್ಲಿ, ಮುದ್ದೆ ಆ ದಿನಗಳಿಗೆ ಒಳ್ಳೆಯವು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಬ್ಬು, ಸಂಕ್ರಾಂತಿಯ ಸಕ್ಕರೆ ಅಚ್ಚು ಇವು ಬ್ರಾಕೆಟ್ ಕಳಚಿಬೀಳಲು ಕಾರಣವಾಗುತ್ತವೆ. ಕಳಚಿದ ಬ್ರಾಕೆಟ್ ಮತ್ತೆ ಅಂಟಿಸುವವರೆಗೆ ಆ ಹಲ್ಲು ಬಂದ ದಾರಿಯಲ್ಲೇ ಹಿಂದಿರುಗಲು ಶುರುಮಾಡುತ್ತದೆ.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಮಾಡುವುದು ಹಲ್ಲುಜ್ಜುವುದರಲ್ಲಿನ ಉದಾಸೀನ. ಬ್ರಾಕೆಟ್ ಸುತ್ತ ಹಿಡಿದ ಪಾಚಿಯ ಆಮ್ಲ ಎನಾಮಲ್‌ನ ಸುಣ್ಣವನ್ನು ಕರಗಿಸಿ, ಬರೀ ನಾಲ್ಕು ವಾರದಲ್ಲೇ ಬಿಳಿ ಕಲೆ ಮೂಡಿಸಬಲ್ಲದು. ಕ್ಲಿಪ್ ತೆಗೆದಾಗ ಹಲ್ಲು ನೇರವಾಗಿದ್ದರೂ ಒಂದೊಂದರ ಮೇಲೂ ಬ್ರಾಕೆಟ್ ಆಕಾರದ ಬಿಳಿ ಚೌಕಟ್ಟು ಉಳಿದಿರುವುದನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. ಫ್ಲೋರೈಡ್ ಪೇಸ್ಟ್, ತಂತಿಯಡಿ ತೂರುವ ಸಣ್ಣ ಬ್ರಷ್, ಪ್ರತಿ ಊಟದ ಮೇಲೆ ಬಾಯಿ ಮುಕ್ಕಳಿಸುವುದು ಇದನ್ನು ತಡೆಯುತ್ತವೆ. ಬೇರಿನ ತುದಿ ಅಲ್ಪಸ್ವಲ್ಪ ಸವೆಯುವುದು ಬಹಳಷ್ಟು ಜನರಲ್ಲಿ ಆಗುತ್ತದೆ, ಅದರಿಂದ ತೊಂದರೆ ಇಲ್ಲ. ಹೆಚ್ಚು ಸವೆಯುವವರು ಕೆಲವರೇ. ಅವರನ್ನು ಗುರುತಿಸಲೆಂದೇ ನಡುವೆ ಎಕ್ಸ್‌ರೇ ತೆಗೆಯುತ್ತಾರೆ.

ಕೊನೆಗೆ ಇಕ್ಕಳದಿಂದ ಬ್ರಾಕೆಟ್‌ನ ರೆಕ್ಕೆಗಳನ್ನು ಹಿಂಡಿದಾಗ ಲೋಹದ ತಳ ಬಾಗಿ, ಅಂಟಿನಿಂದ ಬಿಟ್ಟುಕೊಳ್ಳುತ್ತದೆ. ಸೆರಾಮಿಕ್ ಬ್ರಾಕೆಟ್ ಹೀಗೆ ಬಾಗುವುದಿಲ್ಲ, ಒಡೆಯುತ್ತದೆ. ಎನಾಮಲ್‌ಗೆ ಪೆಟ್ಟಾಗದಂತೆ ಬಿಡಿಸುವ ದೃಷ್ಟಿಯಿಂದ ಉಕ್ಕೇ ಮೇಲು. ಉಳಿದ ಅಂಟನ್ನು ಬರ್ ಎಂಬ ತಿರುಗುವ ಉಪಕರಣದಿಂದ ಉಜ್ಜಿ ತೆಗೆಯುತ್ತಾರೆ.

ಹಲ್ಲು ಹೊಸ ಜಾಗಕ್ಕೆ ಬಂದರೂ ಸುತ್ತಲ ನಾರುಗಳಿಗೆ ಹಳೆಯ ಎಳೆತ ಇದ್ದೇ ಇರುತ್ತದೆ. ಗುಳಿಯೊಳಗಿನ ನಾರುಗಳು ಮೂರು ನಾಲ್ಕು ತಿಂಗಳಲ್ಲಿ ಹೊಸದಾಗಿ ಹೆಣೆದುಕೊಳ್ಳುತ್ತವೆ. ಒಸಡಿನ ನಾರುಗಳಿಗೆ ವರ್ಷವೇ ಬೇಕಾಗಬಹುದು, ತಿರುಚಿಕೊಂಡಿದ್ದ ಹಲ್ಲುಗಳು ಮೊದಲು ಹಿಂದಿರುಗುವುದು ಇದೇ ಕಾರಣಕ್ಕೆ. ಹಾಗಾಗಿ ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ ತಂತಿ ಇರುವ ಪ್ಲೇಟನ್ನೋ ಪಾರದರ್ಶಕ ರೀಟೈನರನ್ನೋ ಹಾಕಿಕೊಳ್ಳಬೇಕು. ಯಾವ ಚಿಕಿತ್ಸೆಯೂ ಪಡೆಯದವರಲ್ಲೂ ಕೆಳಗಿನ ಬಾಚಿಹಲ್ಲುಗಳು ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಆದ್ದರಿಂದ ಅನೇಕ ವೈದ್ಯರು ಕೆಳಸಾಲಿನ ಒಂದು ಕೋರೆಹಲ್ಲಿನಿಂದ ಇನ್ನೊಂದರವರೆಗೆ ನಾಲಿಗೆಯ ಬದಿಯಲ್ಲಿ ಹೆಣೆದ ಸಣ್ಣ ಉಕ್ಕಿನ ತಂತಿಯನ್ನು ಅಂಟಿಸಿ ವರ್ಷಗಟ್ಟಲೆ ಬಿಡುತ್ತಾರೆ. ಹಲ್ಲಿನ ಸಂದಿಗೆ ಮೇಲಿನಿಂದ ದಾರ ಇಳಿಸಲು ಈ ತಂತಿ ಬಿಡದ ಕಾರಣ, ಅದರ ಅಡಿಯಿಂದ ದಾರ ತೂರಿಸಿ ಪ್ರತಿ ಸಂದನ್ನೂ ಚೊಕ್ಕಟ ಮಾಡಿಕೊಳ್ಳಬೇಕಾಗುತ್ತದೆ.